ಬೋರಲು ಲೋಟ

ಆ ಕುಶನ್ ಅಂಗಡಿಯಲ್ಲಿ ಒಳ್ಳೆಯ ಕೆಲಸ ಕೇಳಬೇಕಾದರೆ ಮೊದಲು ಬಿಯರ್ ಕುಡಿಯಬೇಕಿತ್ತು. ಕೆಲಸಕ್ಕೆ ಸೇರುವಾಗ ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಹೇಳಿದ್ದರೆ ಅವಳು ಎದುರು ಸಾಲಿನ ಪರದೆ ಹೊಲಿಯುವ ಅಂಗಡಿಗೆ ಹೋಗುತ್ತಿದ್ದಳೋ ಏನೋ.

ಪದ್ಧತಿ ಹೀಗಿತ್ತು. ಶುಕ್ರವಾರ ಸಂಜೆ ಶಟರನ್ನು ಅರ್ಧ ಇಳಿಸುತ್ತಿದ್ದರು. ಬಟ್ಟೆ ಕತ್ತರಿಸುವ ಉದ್ದ ಮೇಜಿನ ಮೇಲಿನ ಚಿಂದಿ, ಸೀಮೆಸುಣ್ಣ, ಅಳತೆಪಟ್ಟಿಗಳನ್ನೆಲ್ಲ ಒಂದು ಮೂಲೆಗೆ ತಳ್ಳಿ ಬಿಯರ್ ಬಾಟಲಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಅಂಗಡಿಯ ಯಜಮಾನನೂ ಆಗಿದ್ದ ಮೇಸ್ತ್ರಿ, ಮುಂದಿನ ವಾರ ಬರಲಿರುವ ಕೆಲಸಗಳನ್ನು ಒಂದೊಂದಾಗಿ ಹೇಳುತ್ತಿದ್ದ. ಯಾರಿಗೆ ಯಾವುದು ಬೇಕೋ ಅವರು ತಮ್ಮ ಲೋಟವನ್ನು ತಳದವರೆಗೆ ಖಾಲಿ ಮಾಡಿ, ಮೇಜಿನ ಮೇಲೆ ಬೋರಲು ಹಾಕಿ, ಆಮೇಲೆ ಬಾಯಿ ತೆರೆಯಬೇಕು. ಲೋಟ ಬೋರಲಾಗದೆ ಕೇಳಿದ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಶುಕ್ರವಾರ ಮೇಸ್ತ್ರಿಯ ಬಾಯಿಂದ ಬಂದದ್ದು ಸೋಮವಾರ ಬದಲಾಗುವುದೂ ಇಲ್ಲ. ಮೇಸ್ತ್ರಿಯ ಅಪ್ಪ ಮಾಡಿಟ್ಟುಹೋದ ನಿಯಮ ಅದು. ಬೇರೆ ದಿನ ಒಬ್ಬೊಬ್ಬರೇ ಬಂದು ಕಿವಿ ಕಚ್ಚುತ್ತಾರೆ, ಶುಕ್ರವಾರವಾದರೆ ಎಲ್ಲ ಎಲ್ಲರೆದುರಿಗೇ ಆಗುತ್ತದೆ ಎಂಬುದು ಆತನ ಎಣಿಕೆ. ಎರಡು ಲೋಟ ಇಳಿದವನಿಗೆ ಕಿವಿ ಕಚ್ಚುವಷ್ಟು ನಾಜೂಕು ಉಳಿದಿರುವುದಿಲ್ಲ ಎಂಬುದೂ ಅದರಲ್ಲಿ ಸೇರಿತ್ತು.

ಅವಳನ್ನು ಅಂಗಡಿಯಲ್ಲಿ ಕತ್ತರಿ ಎಂದು ಕರೆಯುತ್ತಿದ್ದರು. ಅಲ್ಲಿ ಎಲ್ಲರಿಗೂ ಸಾಮಾನಿನ ಹೆಸರೇ. ಬಾಯಿ ತುಂಬ ಸಣ್ಣ ಮೊಳೆ ತುಂಬಿಕೊಂಡು ಒಂದೊಂದೇ ತುಟಿಗೆ ತಂದು ಹೊಡೆಯುವ ದಪ್ಪ ಮೀಸೆಯವನು ಮೊಳೆ. ಸೋಫಾದ ಹೊಟ್ಟೆಗೆ ಸ್ಪ್ರಿಂಗು ಕಟ್ಟುವ, ತಾನೂ ನಿಂತಲ್ಲಿ ನಿಲ್ಲದ ತೆಳ್ಳನೆಯವನು ಸ್ಪ್ರಿಂಗು. ಅವರಿಬ್ಬರ ಹೆಸರು ಕೆಲಸ ನೋಡಿ ಇಟ್ಟದ್ದು, ಅವಳದು ಗೇಲಿಗೆ. ಬಟ್ಟೆ ಕತ್ತರಿಸುವುದನ್ನು ಕಲಿತು, ಸ್ವಂತ ಕತ್ತರಿಯನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದವಳ ಕೈಗೆ ಅವರು ಕೊಟ್ಟದ್ದು ಇಕ್ಕಳ. ಹಳೆಯ ಸೋಫಾಗಳ ಮೊಳೆ ಕೀಳುವುದು, ಹೊದಿಕೆ ಹರಿಯುವುದು, ಒಳಗಿನ ಕೊಳೆತ ನಾರನ್ನೂ ಪುಡಿಯಾದ ಸ್ಪಂಜನ್ನೂ ಬಗೆದು ಚೀಲಕ್ಕೆ ತುಂಬುವುದು. ದಿನವಿಡೀ ಊರವರ ಹಳೇ ಧೂಳು ತಿಂದು ಸಂಜೆ ಕೆಮ್ಮುತ್ತ ಮನೆಗೆ ಹೋಗುವುದು. ಸೋಫಾ ಸಂದಿಯಲ್ಲಿ ಅವಳಿಗೆ ಬಾಚಣಿಗೆ ಸಿಕ್ಕಿತ್ತು, ಗುಂಡಿಗಳು ಸಿಕ್ಕಿದ್ದವು, ಒಮ್ಮೆ ಹಲ್ಲಿನ ಸೆಟ್ಟೂ ಸಿಕ್ಕಿತ್ತು. ಅದು ತನ್ನದಲ್ಲವೆಂದು ಗಿರಾಕಿ ತಲೆಯಾಡಿಸಿಯೇ ಹೇಳಿದ, ಬಾಯಿ ತೆರೆಯಲಿಲ್ಲ.

ಬಿಯರಿನ ವಾಸನೆಯೇ ಅವಳಿಗೆ ಆಗುತ್ತಿರಲಿಲ್ಲ. ಶುಕ್ರವಾರ ಬಾಟಲಿಗಳು ಮೇಜಿಗೆ ಬರುವ ಮೊದಲೇ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದಳು. ಹೊರಟವರಿಗೆ ಉಳಿದದ್ದು ಸಿಗುತ್ತದೆ. ಉಳಿಯುತ್ತಿದ್ದದ್ದು ಯಾವಾಗಲೂ ಇಕ್ಕಳದ ಕೆಲಸವೇ.

ಹೀಗಿರುವಾಗ ಒಂದು ಬುಧವಾರ ಸುದ್ದಿ ಬಂತು. ಊರಿನ ಹಳೇ ರಂಗಮಂದಿರದ ಕುರ್ಚಿಗಳಿಗೆಲ್ಲ ಹೊಸ ಹೊದಿಕೆ. ಕೆಂಪು ಮಖಮಲ್ಲು. ಇನ್ನೊಂದು ತಿಂಗಳಲ್ಲಿ ಕುರ್ಚಿಗಳು ಬರುತ್ತವೆ.

ಮಖಮಲ್ಲು ಕತ್ತರಿಸುವುದೆಂದರೆ ರೆಕ್ಸಿನ್ ಕತ್ತರಿಸಿದ ಹಾಗಲ್ಲ. ಅದಕ್ಕೆ ಬೆಕ್ಕಿನ ಮೈಯಂತೆ ನವಿರಿದೆ. ಒಂದು ಕಡೆಗೆ ಸವರಿದರೆ ಗಾಢ, ಎದುರು ಸವರಿದರೆ ತಿಳಿ. ಒಂದು ತುಂಡನ್ನು ತಲೆಕೆಳಗಾಗಿ ಕತ್ತರಿಸಿ ಹಾಕಿದರೂ ಇಡೀ ಸಾಲಿನಲ್ಲಿ ಆ ಒಂದು ಕುರ್ಚಿ ಬೇರೆ ಬಣ್ಣದ್ದಾಗಿ ಕಾಣುತ್ತದೆ, ಬಾಯಲ್ಲಿ ಒಂದೇ ಹಲ್ಲು ಹಳದಿಯಾದ ಹಾಗೆ. ಮೊಳೆ ಹೋದ ವರ್ಷ ಒಬ್ಬರ ಮನೆಯ ಆರು ಕುರ್ಚಿಗೆ ಮಖಮಲ್ಲು ಹಾಕಿದ್ದ. ಆರೂ ಒಂದಕ್ಕೊಂದು ಮಾತು ಬಿಟ್ಟ ಅಣ್ಣತಮ್ಮಂದಿರಂತೆ ಕೂತಿದ್ದವು. ಈ ಕೆಲಸ ತನ್ನ ಕೈ ಸೇರದಿದ್ದರೆ ಇನ್ನು ಯಾವ ಕೆಲಸವೂ ಸೇರುವುದಿಲ್ಲ, ಜೀವಮಾನವಿಡೀ ಇಕ್ಕಳವೇ ಗತಿ ಎಂದು ಅವಳಿಗೆ ಅನ್ನಿಸಿತು.

"ಮೇಸ್ತ್ರೀ, ರಂಗಮಂದಿರದ ಬಟ್ಟೆ ಕತ್ತರಿಸೋ ಕೆಲಸ ನನಗೆ ಕೊಡಿ," ಎಂದು ಕೇಳಿದಳು.

"ಇವತ್ತು ಏನು ವಾರ?"

"ಬುಧವಾರ."

"ಬುಧವಾರ ನನಗೆ ಕಿವಿ ಕೇಳ್ಸೋದಿಲ್ಲಮ್ಮ."

ಆ ಶುಕ್ರವಾರ ಅವಳು ಮನೆಗೆ ಹೋಗಲಿಲ್ಲ. ಮೇಜಿನ ತುದಿಯಲ್ಲಿ, ರೆಕ್ಸಿನ್ ಸುರುಳಿಯ ಮೇಲೆ ಕೂತಳು. ಸ್ಪ್ರಿಂಗು ಅವಳ ಲೋಟ ತುಂಬಿಸಿದ. ನೊರೆ ಉಕ್ಕಿ ಅವಳ ಬೆರಳಿಗೆ ಹತ್ತಿತು. ಕಣ್ಣು ಮುಚ್ಚಿ ಒಂದು ಗುಟುಕು ಎಳೆದಳು. ಹಳಸಿದ ಬ್ರೆಡ್ಡನ್ನೂ ತುಕ್ಕು ಹಿಡಿದ ಮೊಳೆಯನ್ನೂ ಒಟ್ಟಿಗೆ ನೆನೆಹಾಕಿ ಹಿಂಡಿದ ನೀರು! ಗಂಟಲು ಬಾಗಿಲು ಹಾಕಿಕೊಂಡಿತು. ಒಳಗೆ ಹೋಗಲಾರದ್ದು ಬಂದ ದಾರಿಯಲ್ಲೇ ಹಿಂದಿರುಗಿ ರೆಕ್ಸಿನ್ ಮೇಲೆ ಬಿತ್ತು.

ಮೊಳೆ ತೊಡೆ ತಟ್ಟಿಕೊಂಡು ನಕ್ಕ. "ರೆಕ್ಸಿನ್ ಒರೆಸಿದ್ರೆ ಹೋಗುತ್ತೆ ಬಿಡು ತಂಗಿ. ಮರ್ಯಾದೆ ಮೇಲೆ ಬಿದ್ದಿದ್ದು ಹೇಗೆ ಒರೆಸ್ತೀಯಾ?"

"ಒಂದು ಲೋಟ ಇಳಿಸೋಕೆ ಆಗ್ದೋಳು ಇಡೀ ರಂಗಮಂದಿರ ಏನು ಇಳಿಸ್ತೀಯಮ್ಮ," ಎಂದ ಮೇಸ್ತ್ರಿ. ಬಿಯರಿಗೂ ಮಖಮಲ್ಲಿಗೂ ಏನು ಸಂಬಂಧ ಎಂದು ಅವಳು ಕೇಳಬಹುದಿತ್ತು. ಆದರೆ ಲೋಟ ಬೋರಲಾಗಿರಲಿಲ್ಲ.

ಮನೆಯಲ್ಲಿದ್ದದ್ದು ಅವಳು ಮತ್ತು ಅಜ್ಜಿ ಇಬ್ಬರೇ. ಮೂರನೇ ಮಹಡಿಯ ಎರಡು ಕೋಣೆ. ಅಜ್ಜಿ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆದು ನಿವೃತ್ತಳಾದವಳು. ಎಂಥ ಕಲೆಯನ್ನು ಕಂಡರೂ ಎಲ್ಲಿಂದ ಬಂದದ್ದೆಂದು ಹೇಳಬಲ್ಲವಳು. ಮೊಮ್ಮಗಳ ಅಂಗಿಯ ಎದೆ ನೋಡಿ, "ಎಲ್ಲಿ ಕುಡಿದೆ?" ಎಂದಳು.

"ಕುಡೀಲಿಲ್ಲ ಅಜ್ಜಿ. ಅದೇ ಈಗ ತೊಂದರೆ."

ವಿಷಯ ಕೇಳಿ ಅಜ್ಜಿ ನಗಲಿಲ್ಲ, ಬೈಯಲೂ ಇಲ್ಲ. "ಮಕ್ಕಳಿಗೆ ಔಷಧಿ ಅಭ್ಯಾಸ ಮಾಡಿಸಲ್ವಾ, ಇದೂ ಹಾಗೇ. ನಾಳೆ ಒಂದು ಬಾಟಲಿ ತಾ, ನೋಡೋಣ," ಎಂದಳು.

ಮಾರನೆಯ ದಿನದಿಂದ ತರಬೇತಿ ಶುರುವಾಯಿತು. ಮೊದಲ ದಿನ ಮೂಗು ಹಿಡಿದುಕೊಂಡು ಕುಡಿಯುವ ಕ್ರಮ. ಮೂಗು ಬಿಟ್ಟ ಕೂಡಲೇ ರುಚಿ ಬಡ್ಡಿ ಸಮೇತ ಬಂತು. ಎರಡನೆಯ ದಿನ ಸಕ್ಕರೆ ಹಾಕಿದರು. ಲೋಟ ಉಕ್ಕಿ ಹರಿದು ಮೇಜು, ಚಾಪೆ, ಬೆಕ್ಕು ಮೂರನ್ನೂ ನೆನೆಸಿತು. ಆಮೇಲೆ ಹುರಿದ ಕಡಲೆಕಾಯಿ ಇಟ್ಟುಕೊಂಡು ಕೂತರು. ಅವಳು ಕಡಲೆಕಾಯಿ ಮುಗಿಸಿದಳು. ಬಿಯರು ಲೋಟದಲ್ಲೇ ಉಳಿಯಿತು.

"ಕಾಸು ಕೊಟ್ಟು ತಂದದ್ದನ್ನ ಮೋರಿಗೆ ಸುರೀತಾರಾ? ಕೊಡಿಲ್ಲಿ," ಎಂದು ಅಜ್ಜಿ ಉಳಿದದ್ದನ್ನು ತನ್ನ ಹಿತ್ತಾಳೆ ಲೋಟಕ್ಕೆ ಬಗ್ಗಿಸಿಕೊಂಡಳು. ಅವಳೂ ಹುಟ್ಟಿದಾಗಿನಿಂದ ಅದನ್ನು ಮುಟ್ಟಿದವಳಲ್ಲ. ಒಂದು ಗುಟುಕು ಕುಡಿದು, "ಕಹಿ," ಎಂದಳು. ಇನ್ನೊಂದು ಕುಡಿದು, "ಕಹಿನೇ," ಎಂದಳು. ಮೂರನೆಯದಾದ ಮೇಲೆ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, "ಆದ್ರೆ ಬೇಡ ಅನ್ನೋ ಕಹಿ ಅಲ್ಲ," ಎಂದಳು.

ಅಲ್ಲಿಂದ ಮುಂದೆ ತರಬೇತಿ ಯಾರಿಗೆ ನಡೆಯುತ್ತಿದೆ ಎಂಬುದು ಅಷ್ಟು ಸ್ಪಷ್ಟವಿರಲಿಲ್ಲ. ಮೊಮ್ಮಗಳು ಎರಡು ಗುಟುಕಿಗೆ ಮುಖ ಕಿವುಚಿದರೆ ಬಾಟಲಿಯ ಉಳಿದ ಜವಾಬ್ದಾರಿಯೆಲ್ಲ ಅಜ್ಜಿಯದು. ಅವಳು ಸಂಜೆ ಬಾಗಿಲಲ್ಲೇ ನಿಂತಿರುವುದಕ್ಕೆ ಶುರುಮಾಡಿದಳು. "ಇವತ್ತಿಂದು ಯಾಕೋ ಸಪ್ಪೆ. ಮೊನ್ನೆ ಅಂಗಡೀದೇ ತಾ." "ಹಸಿರು ಬಾಟಲಿ ಬೇಡ, ಅದರಲ್ಲಿ ಏನೋ ಒಂಥರಾ ಪೆಟ್ಟಿಗೆ ವಾಸನೆ." "ನೀನು ನಿಧಾನಕ್ಕೆ ಕಲಿ ಮಗಾ. ಏನೂ ಅವಸರ ಇಲ್ಲ."

ಅಂಗಡಿಯಲ್ಲಿ ಮುಂದಿನ ಶುಕ್ರವಾರ ಅವಳು ತುಂಬಿದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ತುಟಿಗೆ ತಾಗಿಸುವುದು, ಇಳಿಸುವುದು. ನೊರೆಯೆಲ್ಲ ಸತ್ತು ಬಿಯರು ಕೆರೆಯ ನೀರಿನಂತೆ ಸುಮ್ಮನಾಯಿತು. ಉಳಿದವರ ಲೋಟಗಳು ಬೋರಲಾದವು, ತುಂಬಿದವು, ಮತ್ತೆ ಬೋರಲಾದವು. ಕೆಲಸ ಹಂಚಿದರು, ಹಾಡಿದರು, ಹಾಡು ತಪ್ಪಿದ್ದಕ್ಕೆ ಜಗಳವಾಡಿದರು.

ಸೋಮವಾರ ಬೆಳಿಗ್ಗೆ ಇನ್ನೊಂದು ಜಗಳ.

"ವಕೀಲರ ಚರ್ಮದ ಸೋಫಾ ನಂದು," ಎಂದ ಮೊಳೆ.

"ನಿಂದಾ? ನನ್ನ ಹೆಗಲ ಮೇಲೆ ಕೈ ಹಾಕಿ 'ತಗೋಳೋ ರಾಜಾ' ಅಂದ್ರು," ಎಂದ ಸ್ಪ್ರಿಂಗು.

"ರಾಜಾ ಅಂದಿದ್ದು ನನಗೆ!"

ಇಬ್ಬರೂ ಮೇಸ್ತ್ರಿಯ ಕಡೆ ತಿರುಗಿದರು. ಮೇಸ್ತ್ರಿ ಸೂರಿನ ಕಡೆ ನೋಡಿದ. "ಅಂದಿದ್ದೀನಿ. ಅಂದಿಲ್ಲ ಅಂತ ನಾನು ಹೇಳಲ್ಲ. ಯಾರಿಗೋ ಒಬ್ಬರಿಗೆ ಅಂದಿದ್ದೀನಿ."

ಹಳೇ ಕುರ್ಚಿಯೊಂದರ ಹೊಟ್ಟೆಯಲ್ಲಿ ಕೈಯಿಟ್ಟಿದ್ದ ಅವಳು ತಲೆಯೆತ್ತದೆ ಹೇಳಿದಳು: "ವಕೀಲರ ಸೋಫಾ ಮೊಳೆಯಣ್ಣಂಗೆ. ಡಾಕ್ಟರ ಮನೆ ಮಂಚ ಸ್ಪ್ರಿಂಗಣ್ಣಂಗೆ. ರಾಜಾ ಅಂತ ಇಬ್ಬರಿಗೂ ಅಂದ್ರು, ಬಾಗಿಲಿಗೆ ಬಂದ ನಾಯಿಗೂ ಅಂದ್ರು. ಆಮೇಲೆ ನೀವಿಬ್ಬರೂ ತಬ್ಬಿಕೊಂಡ್ರಿ. ಆಮೇಲೆ ಮೇಸ್ತ್ರಿ ಸ್ಪಂಜಿನ ರಾಶಿಯಲ್ಲಿ ಚಪ್ಪಲಿ ಹುಡುಕಿದ್ರು."

"ಸಿಕ್ತಾ?" ಎಂದ ಮೇಸ್ತ್ರಿ, ಕುತೂಹಲದಿಂದ.

"ಕಾಲಲ್ಲೇ ಇತ್ತು."

ಮೂವರೂ ಅವಳನ್ನು ನೋಡಿದ ರೀತಿಯೇ ಬೇರೆಯಾಯಿತು. ಕಳೆದುಹೋದ ಸುತ್ತಿಗೆ ಸಿಕ್ಕಿದಾಗ ನೋಡುವ ಹಾಗೆ.

ಅದಕ್ಕೆ ಕಾರಣವಿತ್ತು. ಮೊದಲು ಆ ಅಂಗಡಿಯಲ್ಲಿ ಸಾಕ್ಷಿ ಮಾವ ಎಂಬ ಹಿರಿಯನಿದ್ದ. ಹೊಟ್ಟೆಹುಣ್ಣಿನವನಾದ್ದರಿಂದ ಬಿಯರು ಮುಟ್ಟುತ್ತಿರಲಿಲ್ಲ. ಶುಕ್ರವಾರ ಸೋಡಾ ಕುಡಿಯುತ್ತ ಕೂತು, ಮೇಸ್ತ್ರಿ ಯಾರಿಗೆ ಏನು ಹೇಳಿದ್ದನೆಂದು ಸೋಮವಾರ ಒಪ್ಪಿಸುತ್ತಿದ್ದ. ಅವನ ಮಾತಿಗೆ ಎದುರಿಲ್ಲ. ಅವನು ಕೆಲಸ ಬಿಟ್ಟು ಮಗಳ ಮನೆಗೆ ಹೋದ ಮೇಲೆ ಪ್ರತಿ ಸೋಮವಾರವೂ ಅಂಗಡಿಯಲ್ಲಿ ಕದನವೇ.

"ಒಂದು ಚೀಟಿಯಲ್ಲಿ ಬರೆದಿಟ್ರೆ ಆಗಲ್ವಾ?" ಎಂದು ಅವಳು ಕೇಳಿದಳು.

ಮೇಸ್ತ್ರಿಗೆ ನೋವಾಯಿತು. "ನಮ್ಮಪ್ಪನ ಕಾಲದಿಂದ ಬಾಯಿ ಮಾತಲ್ಲಿ ನಡೆದ ಅಂಗಡಿ ಇದು. ಬರೆದಿಡೋಕೆ ಇಲ್ಲಿ ಯಾರಮ್ಮ ಕಳ್ಳರು? ಇನ್ಮೇಲೆ ನೀನೇ ಸಾಕ್ಷಿ."

ಒಂದೆರಡು ವಾರ ಅವಳಿಗೆ ಇದು ಹಿತವಾಗಿಯೇ ಇತ್ತು. ಮೊಳೆ ಅವಳಿಗೆ ಮುರಿಯದ ಸ್ಟೂಲು ಕೊಟ್ಟ. ಸ್ಪ್ರಿಂಗು ಅವಳಿಗಾಗಿ ಸೋಡಾ ತಂದಿಟ್ಟ. ಬೇಡದ್ದಕ್ಕೂ ಬೆಲೆ ಬಂತಲ್ಲ ಎಂದು ಬೀಗಿದಳು. ರಂಗಮಂದಿರದ ಕೆಲಸ ಹಂಚುವ ಶುಕ್ರವಾರ ಹತ್ತಿರ ಬಂದಾಗ ಮೆಲ್ಲಗೆ ಮಾತು ತೆಗೆದಳು.

"ಮೇಸ್ತ್ರೀ, ಈಗ ನಾನೂ ಶುಕ್ರವಾರ ಕೂರ್ತೀನಲ್ಲ. ಮಖಮಲ್ಲು..."

"ಸಾಕ್ಷಿಗೆ ಪಾಲಿಲ್ಲ," ಎಂದ ಮೇಸ್ತ್ರಿ.

"ಅಂದ್ರೆ?"

"ನಿನಗೇ ಕೆಲಸ ಬೇಕು ಅಂದ್ರೆ ನಿನ್ನ ಸಾಕ್ಷಿ ಯಾರು ನಂಬ್ತಾರೆ? ಸಾಕ್ಷಿ ಮಾವ ಕಡೇತನಕ ಬರೀ ಅಂಚು ಹೊಲಿದುಕೊಂಡೇ ಇದ್ದ. ಅದಕ್ಕೇ ಅವನ ಮಾತು ಕಲ್ಲಿನ ಮೇಲೆ ಬರೆದ ಹಾಗಿತ್ತು."

ಹಿಂದೆ ಬಾವಿ, ಮುಂದೆ ಕೆರೆ. ಕುಡಿಯದಿದ್ದರೆ ಗೌರವವುಂಟು, ಮಖಮಲ್ಲಿಲ್ಲ. ಕುಡಿಯೋಣವೆಂದರೆ ಒಳಗೆ ಇಳಿಯುವುದಿಲ್ಲ.

ಮನೆಗೆ ಬಂದು ಅಜ್ಜಿಗೆ ಒಪ್ಪಿಸಿದಳು. ಅಜ್ಜಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ನೆನಪಿಟ್ಟುಕೊಳ್ಳೋಳಿಗೆ ಕೆಲಸ ಇಲ್ಲ, ಕೆಲಸ ಸಿಗೋಳಿಗೆ ನೆನಪಿರಲ್ಲ. ಒಳ್ಳೇ ಅಂಗಡಿ ಹುಡುಕಿಕೊಂಡಿದೀಯಾ. ಶುಕ್ರವಾರ ಕಣ್ಣು ಮುಚ್ಚಿ ಕುಡಿದುಬಿಡು. ವಾಂತಿ ಬಂದ್ರೆ ಬೋರಲು ಹಾಕಿದ ಮೇಲೆ ಮಾಡು."

ಆ ಶುಕ್ರವಾರ ಹೊರಗೆ ಸುಡು ಬಿಸಿಲು. ಒಳಗೆ ಅವಳು ಬೆಳಿಗ್ಗೆಯಿಂದ ಯಾವುದೋ ಹೋಟೆಲಿನ ಮುದಿ ಸೋಫಾಗಳನ್ನು ಬಗೆಯುತ್ತಿದ್ದಳು. ನಾರು ಮುಟ್ಟಿದರೆ ಪುಡಿ, ಪುಡಿ ಮುಟ್ಟಿದರೆ ಹೊಗೆ. ಮೂಗು, ಕಿವಿ, ಹಲ್ಲಿನ ಸಂದಿ ಎಲ್ಲ ಕಡೆ ಧೂಳು. ಗಂಟಲಲ್ಲಿ ಯಾರೋ ಕಂಬಳಿ ಹಾಸಿ ಮಲಗಿದ ಹಾಗಿತ್ತು. ಶಟರು ಅರ್ಧ ಇಳಿಯಿತು. ಬಾಟಲಿಗಳು ಬಂದವು, ಮೈಮೇಲೆಲ್ಲ ತಣ್ಣನೆಯ ಬೆವರು ಹೊತ್ತುಕೊಂಡು.

ಸ್ಪ್ರಿಂಗು ಅವಳ ಮುಂದೆ ಸೋಡಾ ಇಟ್ಟ. ಅವಳು ಅದನ್ನು ಪಕ್ಕಕ್ಕೆ ಸರಿಸಿ ಬಿಯರಿನ ಲೋಟ ಎಳೆದುಕೊಂಡಳು. ಕಣ್ಣು ಮುಚ್ಚಿದಳು. ಮೂಗು ಹಿಡಿಯಲು ಕೈ ಎತ್ತಿದವಳು, ಅದು ಧೂಳಿನಿಂದ ಆಗಲೇ ಕಟ್ಟಿರುವುದು ಗೊತ್ತಾಗಿ ಕೈ ಇಳಿಸಿದಳು. ಕುಡಿದಳು.

ಕಹಿ ಬಂತು. ಎಂದಿನ ಕಹಿಯೇ. ಆದರೆ ಈ ಸಲ ಅದು ಪೊರಕೆ ಹಿಡಿದುಕೊಂಡು ಬಂದಿತ್ತು. ಕಂಬಳಿ, ನಾರು, ಹೋಟೆಲಿನ ಗಿರಾಕಿಗಳು ವರ್ಷಗಟ್ಟಲೆ ಕೂತು ಉದುರಿಸಿದ ಧೂಳು ಎಲ್ಲವನ್ನೂ ಗುಡಿಸಿಕೊಂಡು ಕೆಳಗಿಳಿಯಿತು. ಹಿಂದೆಯೇ ಒಂದು ತಂಪು. ಅವಳು ಕಣ್ಣು ತೆರೆದಳು. ಲೋಟ ಖಾಲಿಯಾಗಿತ್ತು. ಇಷ್ಟು ದಿನ ಇದನ್ನು ತೊಳೆದ ಕೋಣೆಯಲ್ಲಿ, ತೊಳೆದ ಕೈಯಲ್ಲಿ, ಬಾಯಾರದೆ ಕುಡಿದದ್ದೇ ತಪ್ಪು ಎಂದು ಹೊಳೆಯಿತು. ಹೊಳೆದದ್ದನ್ನು ಯೋಚಿಸುತ್ತ ಕೂರಲು ಇದು ಹೊತ್ತಲ್ಲ. ಲೋಟವನ್ನು ಟಪ್ಪನೆ ಬೋರಲು ಹಾಕಿದಳು.

"ರಂಗಮಂದಿರದ ಮಖಮಲ್ಲು ನಾನು ಕತ್ತರಿಸ್ತೀನಿ."

ಮೊಳೆಯೂ ತನ್ನದನ್ನು ಬೋರಲು ಹಾಕಿದ. "ನಾನು ಕತ್ತರಿಸಿ ನಾನೇ ಹೊಡೀತೀನಿ."

"ನಾನೂ ಇದ್ದೀನಿ," ಎಂದ ಸ್ಪ್ರಿಂಗು, ಏನು ಕೆಲಸವೆಂದು ಕೇಳಿಸದಿದ್ದರೂ.

"ಅವಸರ ಮಾಡಬೇಡಿ. ಎಲ್ಲರೂ ಇನ್ನೊಂದೊಂದು ಹಾಕ್ಕೊಳ್ಳಿ," ಎಂದ ಮೇಸ್ತ್ರಿ.

ಎರಡನೆಯ ಲೋಟಕ್ಕೆ ಕಾರಣವೇ ಬೇಕಾಗಲಿಲ್ಲ. ಅಷ್ಟರಲ್ಲಿ ಶಟರಿನ ಕೆಳಗಿಂದ ಅಜ್ಜಿ ಬಗ್ಗಿ ಒಳಗೆ ಬಂದಳು. ಮೊಮ್ಮಗಳು ಬೀಗದ ಕೈ ಮರೆತುಹೋಗಿದ್ದಳೆಂದು ಅವಳ ವಿವರಣೆ. ನಿಜವೇನೆಂದರೆ, ಶುಕ್ರವಾರ ಮಾತ್ರ ಮನೆಗೆ ಬಾಟಲಿ ಬರುತ್ತಿರಲಿಲ್ಲ. "ಬನ್ನಿ ಅಜ್ಜಮ್ಮ, ಕೂತ್ಕೊಳ್ಳಿ," ಎಂದು ಯಾರೋ ಜಾಗ ಮಾಡಿದರು.

ಅಲ್ಲಿಂದ ಮುಂದಿನದರಲ್ಲಿ ಅವಳಿಗೆ ಉಳಿದದ್ದು ಚಿಂದಿ ಚಿಂದಿ. ತಾನು ಕತ್ತರಿಸುವ ಮೇಜಿನ ಮೇಲೆ ನಿಂತಿದ್ದು. ತಲೆಗೆ ಬಲ್ಬು ತಾಗಿದ್ದು. ಅಂಗೈ ಕೆಳಗೆ ಒಂದು ಮೀಸೆ. "ನೊರೆ ಕಮ್ಮಿ ಹಾಕಪ್ಪಾ" ಎಂಬ ಅಜ್ಜಿಯ ದನಿ. ಆಮೇಲೆ ಶನಿವಾರದ ಬಿಸಿಲು.

ಶನಿವಾರ ಮಧ್ಯಾಹ್ನ ತಲೆ ಹಿಡಿದುಕೊಂಡು ಕೇಳಿದಳು: "ಅಜ್ಜಿ, ಮಖಮಲ್ಲು ಯಾರಿಗೆ ಕೊಟ್ರು?"

ಅಜ್ಜಿ ಒದ್ದೆ ಬಟ್ಟೆಯನ್ನು ಹಣೆಗೆ ಹಾಕಿಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದಳು. "ಸೋಮವಾರ ಗೊತ್ತಾಗುತ್ತೆ ಬಿಡು. ಶುಕ್ರವಾರದ ಮಾತು ಎಲ್ಲಿಗೆ ಓಡಿಹೋಗುತ್ತೆ?"

ಸೋಮವಾರ ಮಖಮಲ್ಲಿನ ಸುರುಳಿಗಳು ಕಾಗದ ಸುತ್ತಿಕೊಂಡು ಗೋಡೆಗೊರಗಿ ನಿಂತಿದ್ದವು. ಅವಳು ಒಂದು ತುದಿ ಹಿಡಿದಳು. ಇನ್ನೊಂದು ತುದಿಯಲ್ಲಿ ಮೊಳೆಯ ಕೈಯಿತ್ತು. ನಡುವೆ ಸ್ಪ್ರಿಂಗಿನ ಕೈಯೂ ಬಂತು.

"ಇದು ನನಗೆ ಕೊಟ್ಟಿದ್ದು."

"ನನಗೆ ಕೊಟ್ಟಿದ್ದು."

"ಇಬ್ಬರಿಗೂ ಅಲ್ಲ ಅಂತ ನನಗೆ ಚೆನ್ನಾಗಿ ನೆನಪಿದೆ," ಎಂದ ಸ್ಪ್ರಿಂಗು. "ಯಾರಿಗೆ ಅನ್ನೋದು ಮಾತ್ರ..."

ಮೇಸ್ತ್ರಿ ಸೂರು ನೋಡಿದ. "ಕೊಟ್ಟಿದ್ದೀನಿ. ಅದರಲ್ಲಿ ಅನುಮಾನ ಇಲ್ಲ." ಆಮೇಲೆ ಅಭ್ಯಾಸಬಲದಿಂದ ಮೂವರೂ ಅವಳ ಕಡೆ ತಿರುಗಿದರು. "ಹೇಳು ಕತ್ತರಿ. ಏನಾಯ್ತು?"

ನನಗೇ ಕೊಟ್ರಿ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಪಾಲು ಕೇಳಿದವಳ ಸಾಕ್ಷಿಯನ್ನು ಆ ಅಂಗಡಿಯಲ್ಲಿ ಬಾಗಿಲ ನಾಯಿಯೂ ನಂಬುತ್ತಿರಲಿಲ್ಲ. ಹೋದ ವಾರದವರೆಗೆ ಅವಳ ನಾಲಿಗೆಗಿದ್ದ ಬೆಲೆಯನ್ನು ಅವಳೇ ಕುಡಿದು ಮುಗಿಸಿದ್ದಳು.

"ನನಗೂ ನೆನಪಿಲ್ಲ," ಎಂದಳು.

"ಥೂ! ಬಿಯರು ರುಚಿ ಹತ್ತೋಕೆ ನಿನಗೆ ಬೇರೆ ದಿನ ಸಿಗಲಿಲ್ವಾ?" ಎಂದ ಮೊಳೆ.

ಆಗ ಸ್ಪ್ರಿಂಗು ಎಗರಿದ. "ಅಜ್ಜಿ! ಅವತ್ತು ಅಜ್ಜಿ ಬಂದಿದ್ರು! ಅವರು ಕುಡೀಲಿಲ್ಲ ತಾನೆ?"

ಎಲ್ಲರೂ ಅವಳನ್ನು ನೋಡಿದರು. ಅಜ್ಜಿ ಕುಡಿದದ್ದು ಅವರಲ್ಲಿ ಒಬ್ಬರಿಗೂ ನೆನಪಿಲ್ಲ ಎಂಬುದು ಅವಳಿಗೆ ತಿಳಿಯಿತು. "ಅಜ್ಜೀನಾ? ಈ ವಯಸ್ಸಲ್ಲಾ?" ಎಂದಳು. ಅದು ಪ್ರಶ್ನೆಯಷ್ಟೇ, ಸುಳ್ಳಲ್ಲ.

"ಮೊಮ್ಮಗಳ ಪರವಾಗೇ ಹೇಳ್ತಾರೆ," ಎಂದು ಮೊಳೆ ತಕರಾರು ತೆಗೆದ.

"ಕೇಳಿ ನೋಡೋಣ. ಆ ಕಡೆಗೇ ಎಳೆದ್ರೆ ಬಿಟ್ಟುಬಿಡೋಣ," ಎಂದ ಮೇಸ್ತ್ರಿ, ಸ್ಪ್ರಿಂಗನ್ನು ಅಜ್ಜಿಯನ್ನು ಕರೆತರಲು ಓಡಿಸುತ್ತ.

ಅಜ್ಜಿ ಬಂದಳು. ವಕೀಲರಿಗಾಗಿ ಸಿದ್ಧವಾಗಿ ನಿಂತಿದ್ದ ಚರ್ಮದ ಸೋಫಾದ ನಡುಮಧ್ಯೆ ಕೂತಳು. ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು.

"ಮೊದಲು ಮೇಸ್ತ್ರಿ ಆ ಕೆಲಸ ಮೊಳೆಗೆ ಕೊಟ್ಟ," ಎಂದಳು.

ಮೊಳೆಯ ಮುಖ ಊರಗಲವಾಯಿತು. ಕತ್ತರಿ ಹಿಡಿದಿದ್ದ ಸುರುಳಿಯ ತುದಿ ಬಿಟ್ಟಳು.

"ಆಗ ಇವಳು ಮೇಜು ಹತ್ತಿದಳು. ನವಿರು ಅಂದ್ರೆ ಏನು ಗೊತ್ತಾ ನಿಮಗೆ ಅಂತ ಮೊಳೆ ಮೀಸೆ ಹಿಡಿದುಕೊಂಡು ಪಾಠ ಮಾಡಿದಳು. ಕೆಳಗೆ ಸವರಿ ತೋರಿಸಿದಳು, ಕರೀ ಕಪ್ಪು. ಮೇಲಕ್ಕೆ ಸವರಿ ತೋರಿಸಿದಳು, ಬುಡದಲ್ಲೆಲ್ಲ ಬಿಳಿ."

ಮೊಳೆ ತಟ್ಟನೆ ಮೀಸೆಗೆ ಕೈ ಅಡ್ಡ ಹಿಡಿದ. ಅವನು ಬಣ್ಣ ಹಚ್ಚುವುದು ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾಳೆ ಎನ್ನುವುದಕ್ಕೆ ಅದಕ್ಕಿಂತ ಪುರಾವೆ ಬೇಕಿರಲಿಲ್ಲ.

"ಆಮೇಲೆ ಮೊಳೆ ಅತ್ತ."

"ನಾನು ಅತ್ನಾ?"

"ಮೂರನೇ ಲೋಟಕ್ಕೆ ನೀನು ಯಾವಾಗ್ಲೂ ಅಳ್ತೀಯಾ," ಎಂದ ಸ್ಪ್ರಿಂಗು.

"ಅತ್ತು, 'ತಂಗಿ, ಇಷ್ಟು ವರ್ಷ ನವಿರು ನೋಡದೇನೇ ಹೊಡೆದಿದ್ದೀನಿ, ಕತ್ತರಿಸೋದು ನೀನೇ ಕತ್ತರಿಸು' ಅಂತ ಬಿಟ್ಟುಕೊಟ್ಟ. ಮೇಸ್ತ್ರಿ ಹೂಂ ಅಂದ. ಅಷ್ಟಕ್ಕೆ ಸುಮ್ಮನಿರಬಾರದಾ ಇವಳು? ಇವಳಿಗೂ ಉಕ್ಕಿಬಂತು. 'ನೀವೆಲ್ಲ ನನ್ನ ಅಣ್ಣಂದಿರು. ಹೊಡೆಯೋದೆಲ್ಲ ಮೊಳೆಯಣ್ಣಂಗೇ, ಸ್ಪ್ರಿಂಗು ಕಟ್ಟೋದು ಸ್ಪ್ರಿಂಗಣ್ಣಂಗೇ. ಅಷ್ಟೂ ಕುರ್ಚಿಗಳ ಹಳೇ ಮೊಳೆ ಕೀಳೋದು, ಧೂಳು ತೆಗೆಯೋದು ನಾನೊಬ್ಬಳೇ ಮಾಡ್ತೀನಿ' ಅಂದಳು."

"ಅಜ್ಜೀ!" ಕತ್ತರಿ ಕಿರುಚಿದಳು. "ನಾನು ಹಾಗಂದ್ನಾ? ಇಡೀ ರಂಗಮಂದಿರದ್ದಾ? ನಾನು ಅಂದಿರೋಕೆ ಸಾಧ್ಯನೇ ಇಲ್ಲ!"

"ಅಂದೆ. ಎದೆ ಮುಟ್ಟಿಕೊಂಡು ಅಂದೆ."

ಅವಳ ಸಿಟ್ಟು ನೋಡಿ ಮೇಸ್ತ್ರಿಗೆ ಉಳಿದಿದ್ದ ಅನುಮಾನವೂ ಹೋಯಿತು. ಮೊಮ್ಮಗಳಿಗೆ ಹೀಗೆ ಗುಂಡಿ ತೋಡುವ ಅಜ್ಜಿ ಸುಳ್ಳು ಹೇಳುವುದುಂಟೇ? "ಶುಕ್ರವಾರದ ಮಾತು ಶುಕ್ರವಾರದ ಮಾತೇ," ಎಂದ. "ಕತ್ತರಿಸೋದು ಕತ್ತರಿ. ಕೀಳೋದೂ ಅವಳೇ."

ಮೊಳೆ ಮೀಸೆಯಿಂದ ಕೈ ತೆಗೆಯದೆ ಗೋಣು ಹಾಕಿದ. ಒಂದೇ ಕೈಯಲ್ಲಿ ವಾದ ಮಾಡುವುದು ಕಷ್ಟ.

ಅಜ್ಜಿ ಏಳುವಾಗ ಮೇಸ್ತ್ರಿ ಕೇಳಿದ: "ಅಜ್ಜಮ್ಮ, ಇನ್ಮೇಲೆ ಪ್ರತಿ ಶುಕ್ರವಾರ ಬಂದು ಸಾಕ್ಷಿ ಕೂತ್ಕೋತೀರಾ? ಪಾಲು ಮಾತ್ರ ಇಲ್ಲ."

"ಪಾಲು ತಗೊಂಡು ನಾನೇನು ಮಾಡಲಪ್ಪ. ಸುಮ್ಮನೆ ಕೂತ್ರೆ ಕೈ ನಡುಗುತ್ತೆ. ಹಿಡ್ಕೊಳ್ಳೋಕೆ ಒಂದು ಲೋಟ ಕೊಟ್ರೆ ಸಾಕು," ಎಂದಳು ಅಜ್ಜಿ.

ಆ ದಿನ ಕತ್ತರಿ ಮೆತ್ತನೆ ಬಟ್ಟೆ ಬಿಚ್ಚಿ ತನ್ನ ಕತ್ತರಿಯನ್ನು ಹೊರತೆಗೆದಳು. ಮೇಜಿನುದ್ದಕ್ಕೂ ಮಖಮಲ್ಲು ಹಾಸಿ, ಅಂಗೈಯಿಂದ ಸವರಿ ನವಿರಿನ ದಿಕ್ಕು ಹಿಡಿದು, ಸೀಮೆಸುಣ್ಣದಲ್ಲಿ ಪ್ರತಿ ತುಂಡಿನ ಬೆನ್ನಿಗೂ ಬಾಣ ಹಾಕಿ ಕತ್ತರಿಸಿದಳು. ಮಧ್ಯಾಹ್ನ ಕುರ್ಚಿಗಳ ಮೊದಲ ಗಾಡಿ ಬಂದ ಮೇಲೆ ಇಕ್ಕಳ ಹಿಡಿದು ಅವನ್ನು ಬಗೆದಳು. ರಂಗಮಂದಿರದ ಧೂಳು ಹೋಟೆಲಿನ ಧೂಳಿಗಿಂತ ಹಳೆಯದು.

ಸಂಜೆ ಮೆಟ್ಟಿಲು ಹತ್ತಿ ಬಂದವಳ ಕೈಯಲ್ಲಿ ಬಾಟಲಿಯಿತ್ತು. ಅಜ್ಜಿ ಹಿತ್ತಾಳೆ ಲೋಟ ಹಿಡಿದು ಕಾಯುತ್ತಿದ್ದಳು. ಅವಳು ಕೂತು, ತನ್ನ ಲೋಟಕ್ಕೆ ಬಗ್ಗಿಸಿಕೊಂಡು, ಕೇಳಿದಳು.

"ಅಜ್ಜಿ, ನಿಜ ಹೇಳು. ಹಳೇದು ಕೀಳೋದೂ ನಾನೇ ಅಂತ ನಾನು ಅಂದ್ನಾ?"

"ನನಗೇನು ಗೊತ್ತು?" ಎಂದಳು ಅಜ್ಜಿ.

"ಏನು?"

"ಮೀಸೆ ಸವರಿದ್ದು ನಿಜ. ಅದನ್ನ ನೋಡಿ ನಕ್ಕೆ. ನಗ್ತಾ ನಗ್ತಾ ಸ್ಪಂಜಿನ ರಾಶಿಗೆ ಒರಗಿದೆ. ಆಮೇಲೆ ಕಣ್ಣು ಬಿಟ್ಟಾಗ ನಮ್ಮನೆ ಮೆಟ್ಟಿಲ ಮೇಲಿದ್ದೆ. ಪಕ್ಕದಲ್ಲಿ ನೀನಿದ್ದೆ, ಕಂಬಕ್ಕೆ ನವಿರಿನ ಪಾಠ ಹೇಳ್ತಾ."

"ಮತ್ತೆ ಅಷ್ಟು ದೊಡ್ಡ ಕತೆ ಕಟ್ಟಿದ್ದು?"

"ಕಟ್ಟದೆ? ಎಲ್ಲಾ ನಿನಗೇ ಕೊಟ್ರು ಅಂದಿದ್ರೆ ನಂಬ್ತಿದ್ರಾ? ಸುಳ್ಳಲ್ಲೂ ಸ್ವಲ್ಪ ಕಹಿ ಇರಬೇಕು ಕಣೇ. ಬರೀ ಸಿಹಿಯಾದ್ರೆ ಉಕ್ಕಿ ಚಾಪೆ ಮೇಲೆ ಬೀಳುತ್ತೆ. ನೋಡಿದೀಯಲ್ಲ."

"ಆ ಕಹಿ ನನ್ನ ಪಾಲಿಗೇ ಬರಬೇಕಿತ್ತಾ? ಎಷ್ಟು ಕುರ್ಚಿ ಇದೆ ಗೊತ್ತಾ ಅಲ್ಲಿ?"

"ಇನ್ಯಾರ ಪಾಲಿಗೆ? ನಾನು ಮುದುಕಿ."

ಅವಳಿಗೆ ಬೈಯಬೇಕೆನ್ನಿಸಿತು. ಆದರೆ ಗಂಟಲಲ್ಲಿ ಕಂಬಳಿಯಿತ್ತು. ಮೊದಲು ಅದನ್ನು ತೆಗೆಯೋಣವೆಂದು ಲೋಟವೆತ್ತಿದಳು. ಅಜ್ಜಿ ಎಂದಿನಂತೆ ಉಳಿದದ್ದಕ್ಕಾಗಿ ತನ್ನ ಹಿತ್ತಾಳೆ ಲೋಟವನ್ನು ಮುಂದೆ ಸರಿಸಿ ಕಾದಳು. ಒಂದು ಗುಟುಕು, ಎರಡು ಗುಟುಕು. ಮೊಮ್ಮಗಳು ನಿಲ್ಲಿಸಲಿಲ್ಲ. ಲೋಟ ಮುಗಿಸಿ, ಬಾಟಲಿಯಲ್ಲಿದ್ದದ್ದನ್ನೂ ಬಗ್ಗಿಸಿಕೊಂಡು, ಅದನ್ನೂ ತಳದವರೆಗೆ ಇಳಿಸಿ, ಮೇಜಿನ ಮೇಲೆ ಟಪ್ಪನೆ ಬೋರಲು ಹಾಕಿದಳು.

"ಅಯ್ಯೋ, ಎಲ್ಲಾ ಮುಗಿಸಿಬಿಟ್ಯಾ?" ಅಜ್ಜಿಯ ದನಿಯಲ್ಲಿ ನಿಜವಾದ ಸಂಕಟವಿತ್ತು.

"ಬೋರಲು ಹಾಕಿದ್ದೀನಿ. ಈಗ ಕೇಳೋ ಹಕ್ಕು ನಂದು," ಎಂದಳು ಅವಳು. "ಕೆಳಗೆ ಹೋಗಿ ಇನ್ನೊಂದು ತರೋರು ಯಾರು?"

ಅಜ್ಜಿ ಆಗಲೇ ಚಪ್ಪಲಿ ಹುಡುಕುತ್ತಿದ್ದಳು.